ಅಳತೆ ಎಷ್ಟು, ಅಂದಾಜು ಎಷ್ಟು?

ಕೇಳುಗರಿಗೆ ನಮಸ್ಕಾರ.

2021ರ ಬೇಸಿಗೆಯಲ್ಲಿ ಕೊರೋನಾದ ಎರಡನೆಯ ಅಲೆ ಎದ್ದಾಗ, ಅದುವರೆಗೆ ಆಸ್ಪತ್ರೆಗಳಲ್ಲಷ್ಟೇ ಕಾಣುತ್ತಿದ್ದ ಪಲ್ಸ್ ಆಕ್ಸಿಮೀಟರ್ ಎಂಬ, ಬೆರಳಿಗೆ ಸಿಕ್ಕಿಸಿ ರಕ್ತದ ಆಮ್ಲಜನಕ ನೋಡುವ ಪುಟ್ಟ ಉಪಕರಣ ನಮ್ಮ ಮನೆಗಳಿಗೆ ಬಂದು, ಟಿ.ವಿ.ಯ ರಿಮೋಟಿನ ಪಕ್ಕದಲ್ಲಿ ಜಾಗ ಹಿಡಿಯಿತು. "ಎಷ್ಟು ತೋರಿಸ್ತಿದೆ?" ಎಂದು ದೂರದ ಊರಿನಿಂದ ಫೋನಿನಲ್ಲಿ ಕೇಳಿದರೆ, ಏನು ಎಷ್ಟು ಎಂದು ಯಾರೂ ಮರಳಿ ಕೇಳುತ್ತಿರಲಿಲ್ಲ. 96 ಎಂದರೆ ಸಮಾಧಾನ, 90 ಎಂದರೆ ಹಾಸಿಗೆಗಾಗಿ ಓಡಾಟ. ಒಂದು ಅಂಕಿಯ ಮೇಲೆ ಒಂದು ಕುಟುಂಬದ ರಾತ್ರಿಯೇ ನಿಂತಿರುತ್ತಿತ್ತು.

ಸ್ಮಾರ್ಟ್ ಎನಿಸಿಕೊಂಡ ವೈದ್ಯಕೀಯ ಸಾಧನಗಳು ಈಗ ಬೆರಳಿನಿಂದ ಮಣಿಕಟ್ಟಿಗೆ, ತೋಳಿಗೆ, ಎದೆಗೆ, ಹಾಸಿಗೆಯ ಕೆಳಕ್ಕೂ ಹರಡಿವೆ. ಅವು ತೋರಿಸುವ ಅಂಕಿಯಲ್ಲಿ ಅಳತೆ ಎಷ್ಟು, ಅಂದಾಜು ಎಷ್ಟು ಎಂಬ ಒಂದೇ ಪ್ರಶ್ನೆಯನ್ನು ಹಿಡಿದು ಈ ಹೊತ್ತು ಮಾತನಾಡುತ್ತೇನೆ.

ಆಕ್ಸಿಮೀಟರಿನಿಂದಲೇ ತೊಡಗೋಣ. ಜಪಾನಿನ ಎಂಜಿನಿಯರ್ ತಕುವೊ ಅಓಯಾಗಿ ಹೃದಯ ಎಷ್ಟು ರಕ್ತವನ್ನು ಹೊರಹಾಕುತ್ತದೆ ಎಂಬುದನ್ನು ಕಿವಿಯ ಮೂಲಕ ಬೆಳಕು ಹಾಯಿಸಿ ಅಳೆಯಲು ಯತ್ನಿಸುತ್ತಿದ್ದರು. ನಾಡಿಯ ಮಿಡಿತ ಆ ಅಳತೆಯನ್ನು ಕೆಡಿಸುತ್ತಿತ್ತು. ಕೆಡಿಸುತ್ತಿದ್ದ ಆ ಮಿಡಿತದಲ್ಲೇ ರಕ್ತದ ಆಮ್ಲಜನಕದ ಸುಳಿವಿದೆ ಎಂದು ಅವರು ಕಂಡುಕೊಂಡದ್ದನ್ನು 1974ರಲ್ಲಿ ಪ್ರಕಟಪಡಿಸಿದರು. ಆಮ್ಲಜನಕವನ್ನು ಹೊತ್ತ ಹಿಮೋಗ್ಲೋಬಿನ್ ಅವಗೆಂಪು, ಅಂದರೆ ಇನ್‌ಫ್ರಾರೆಡ್ ಬೆಳಕನ್ನು ಹೆಚ್ಚು ಹೀರುತ್ತದೆ, ಬರಿದಾದ ಹಿಮೋಗ್ಲೋಬಿನ್ ಕೆಂಪು ಬೆಳಕನ್ನು ಹೆಚ್ಚು ಹೀರುತ್ತದೆ. ಎರಡೂ ಬೆಳಕುಗಳು ಬೆರಳನ್ನು ದಾಟಿ ಬಂದಾಗ ಉಳಿಯುವ ಪ್ರಮಾಣ ನಾಡಿಯ ಮಿಡಿತದೊಂದಿಗೆ ಎಷ್ಟು ಏರಿಳಿಯುತ್ತದೆ ಎಂಬುದನ್ನು ಹೋಲಿಸಿ ಉಪಕರಣವು ಒಂದು ಅನುಪಾತವನ್ನು ಪಡೆಯುತ್ತದೆ. ಅಳತೆ ಎನ್ನಬಹುದಾದದ್ದು ಇಲ್ಲಿಗೆ ಮುಗಿಯಿತು. ಆ ಅನುಪಾತವನ್ನು 96 ಅಥವಾ 90 ಎಂಬ ಶೇಕಡಾ ಲೆಕ್ಕಕ್ಕೆ ತಿರುಗಿಸುವುದು ಒಂದು ಕೋಷ್ಟಕ. ಅದನ್ನು ಸಿದ್ಧಪಡಿಸಿದ್ದು ಆರೋಗ್ಯವಂತ ಸ್ವಯಂಸೇವಕರಿಗೆ ಆಮ್ಲಜನಕ ಕಡಿಮೆಯಿರುವ ಗಾಳಿಯನ್ನು ಉಸಿರಾಡಿಸಿ, ಅವರ ರಕ್ತವನ್ನು ತೆಗೆದು ಪರೀಕ್ಷಿಸಿ.

ಹಾಗಾದರೆ ಆ ಸ್ವಯಂಸೇವಕರು ಯಾರು, ಅವರ ಮೈಬಣ್ಣ ಯಾವುದು ಎಂಬುದು ಮುಖ್ಯವಾಗುತ್ತದೆ. ಏಕೆಂದರೆ ಚರ್ಮದ ವರ್ಣದ್ರವ್ಯವೂ ಬೆಳಕನ್ನು ಹೀರುತ್ತದೆ. 2020ರ ಡಿಸೆಂಬರಿನಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ವೈದ್ಯರು ಪ್ರಕಟಿಸಿದ ಅಧ್ಯಯನದ ಪ್ರಕಾರ, ಬೆರಳಿನ ಉಪಕರಣ 92ರಿಂದ 96ರವರೆಗೆ ತೋರಿಸುತ್ತಿದ್ದಾಗಲೂ ಅಪಧಮನಿಯ ರಕ್ತದಲ್ಲಿ ಆಮ್ಲಜನಕ 88ಕ್ಕಿಂತ ಕೆಳಗಿದ್ದ ಸಂದರ್ಭಗಳು ಬಿಳಿಯರಲ್ಲಿ ಶೇಕಡಾ 3.6 ಇದ್ದರೆ, ಕಪ್ಪು ಜನರಲ್ಲಿ ಶೇಕಡಾ 11.7 ಇದ್ದವು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ 2013ರ ಮಾರ್ಗಸೂಚಿಯಲ್ಲಿ ಕನಿಷ್ಠ 10 ಜನರ ಮೇಲಿನ ಪರೀಕ್ಷೆ, ಅವರಲ್ಲಿ ಇಬ್ಬರು ಕಡು ಮೈಬಣ್ಣದವರು ಎಂದಿದ್ದರೆ ಸಾಕಿತ್ತು. 2025ರ ಜನವರಿಯಲ್ಲಿ ಹೊರಬಂದ ಕರಡು ಆ ಸಂಖ್ಯೆಯನ್ನು 150ರ ಆಸುಪಾಸಿಗೆ ಏರಿಸಿ, ಬಗೆಬಗೆಯ ಮೈಬಣ್ಣದವರು ಅದರಲ್ಲಿರಬೇಕೆಂದು ಕೇಳಿತು. ಎಣ್ಣೆಗಪ್ಪಿನಿಂದ ಗೋದಿಬಣ್ಣದವರೆಗೆ ಒಂದೇ ಮನೆಯಲ್ಲಿ ನಾಲ್ಕು ಬಣ್ಣ ಇರುವ ನಮಗೆ ಇದು ಪರದೇಶದ ಸುದ್ದಿಯಲ್ಲ.

ಇನ್ನು ಸಕ್ಕರೆ ಕಾಯಿಲೆಯ ಸಾಧನಗಳು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದ ಅಧ್ಯಯನವೊಂದು 2023ರಲ್ಲಿ ನೀಡಿದ ಅಂದಾಜಿನಂತೆ ನಮ್ಮ ದೇಶದಲ್ಲಿ ಮಧುಮೇಹಿಗಳು ಸುಮಾರು 10 ಕೋಟಿ. ಇವರಲ್ಲಿ ಹೆಚ್ಚಿನವರಿಗೆ ಶುಗರ್ ನೋಡಿಸುವುದೆಂದರೆ ಇಂದಿಗೂ ಬೆರಳಿಗೆ ಸೂಜಿ ಚುಚ್ಚಿಸಿಕೊಳ್ಳುವುದು ಅಥವಾ ಬೆಳಿಗ್ಗೆ ಹಸಿದ ಹೊಟ್ಟೆಯಲ್ಲಿ ಲ್ಯಾಬಿನ ಮುಂದೆ ಕಾಯುವುದು. ತೋಳಿಗೆ ಅಂಟಿಸಿಕೊಳ್ಳುವ ಸೆನ್ಸರ್ ಈ ಚಿತ್ರವನ್ನು ಬದಲಿಸುತ್ತಿದೆ. 1962ರಲ್ಲಿ ಅಮೆರಿಕದ ಲೀಲ್ಯಾಂಡ್ ಕ್ಲಾರ್ಕ್ ವಿವರಿಸಿದ, ಕಿಣ್ವವೊಂದರ ಸಹಾಯದಿಂದ ಗ್ಲೂಕೋಸನ್ನು ವಿದ್ಯುತ್ ಸಂಕೇತವಾಗಿ ಮಾರ್ಪಡಿಸುವ ತತ್ತ್ವವೇ ಇದರ ಬುಡದಲ್ಲಿದೆ. ಚರ್ಮದ ಕೆಳಗೆ ಕೂದಲಿನಷ್ಟು ತೆಳುವಾದ ಎಳೆಯೊಂದು ಕುಳಿತು ಕೆಲವು ನಿಮಿಷಗಳಿಗೊಮ್ಮೆ ಲೆಕ್ಕ ಕೊಡುತ್ತದೆ. ಹತ್ತರಿಂದ ಹದಿನೈದು ದಿನಗಳಾದ ಮೇಲೆ ಹೊಸದನ್ನು ಹಾಕಿಕೊಳ್ಳಬೇಕು. ಒಮ್ಮೆ ಕೊಂಡು ಮುಗಿಯುವ ಖರ್ಚಲ್ಲ, ತಿಂಗಳ ದಿನಸಿಯಂತೆ ಮತ್ತೆ ಮತ್ತೆ ಬರುವ ಖರ್ಚು.

ಆದರೆ ಆ ಎಳೆ ಅಳೆಯುವುದು ರಕ್ತವನ್ನಲ್ಲ, ಜೀವಕೋಶಗಳ ನಡುವಿನ ದ್ರವವನ್ನು. ರಕ್ತದಲ್ಲಿ ಏರಿದ ಸಕ್ಕರೆ ಅಲ್ಲಿಗೆ ತಲುಪಲು ಕೆಲವು ನಿಮಿಷಗಳು ಬೇಕು. ಮುದ್ದೆಯೋ ಅನ್ನವೋ ಉಂಡ ಹೊಸತರಲ್ಲಿ, ಬಿರುಸಾಗಿ ನಡೆದು ಬಂದಾಗ, ಬೆರಳಿನ ಅಂಕಿಗೂ ತೋಳಿನ ಅಂಕಿಗೂ ಹೊಂದಿಕೆಯಾಗದಿದ್ದರೆ ಉಪಕರಣ ಕೆಟ್ಟಿದೆ ಎಂದೇ ಅರ್ಥವಲ್ಲ. ರಾತ್ರಿ ಸೆನ್ಸರ್ ಇರುವ ಮಗ್ಗುಲಿಗೇ ಒತ್ತಿಕೊಂಡು ಮಲಗಿದರೆ, ಒತ್ತಡದಿಂದ ಅಲ್ಲಿನ ದ್ರವದ ಹರಿವು ತಗ್ಗಿ, ಸಕ್ಕರೆ ಕುಸಿದಿದೆ ಎಂಬ ಸುಳ್ಳು ಎಚ್ಚರಿಕೆ ಮೊಳಗುವುದೂ ಉಂಟು. ನಡುರಾತ್ರಿ ಎದ್ದು ಗಾಬರಿಯಲ್ಲಿ ಸಕ್ಕರೆ ನೀರು ಕುಡಿಯುವ ಮೊದಲು ಬೆರಳಿಗೆ ಒಮ್ಮೆ ಚುಚ್ಚಿ ನೋಡಬಹುದು. ಆದರೆ ಬೆವರು, ನಡುಕ, ಮಂಕು ಇದ್ದರೆ ಯಂತ್ರದೊಂದಿಗೆ ವಾದಕ್ಕೆ ನಿಲ್ಲದೆ ಸಕ್ಕರೆ ತೆಗೆದುಕೊಳ್ಳುವುದೇ ಸರಿ.

ಇಷ್ಟೆಲ್ಲ ಮಿತಿಗಳಿದ್ದೂ ಈ ಸಾಧನದ ಉಪಯೋಗವನ್ನು ನಾನು ಕಡಿಮೆಯೆಂದು ಎಣಿಸುವುದಿಲ್ಲ. ಒಂದು ಅಂಕಿ ತಪ್ಪಿದರೂ ದಿನವಿಡೀ ಸಕ್ಕರೆ ಯಾವ ಕಡೆಗೆ ಸಾಗಿದೆ ಎಂಬ ದಿಕ್ಕನ್ನು ಅದು ತೋರಿಸುತ್ತದೆ. ಆ ದಿಕ್ಕೇ ಚಿಕಿತ್ಸೆಗೆ ಬೇಕಾದದ್ದು. 2016ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ, ಚರ್ಮದಡಿಗೆ ಇನ್ಸುಲಿನ್ ಹರಿಸುವ ಸಾಧನವೊಂದು ಸೆನ್ಸರಿನ ಲೆಕ್ಕವನ್ನು ನೋಡಿಕೊಂಡು ತಾನೇ ಇನ್ಸುಲಿನ್ ಪ್ರಮಾಣವನ್ನು ಹೆಚ್ಚು ಕಡಿಮೆ ಮಾಡತೊಡಗಿತು. ಆದರೂ ಊಟಕ್ಕೆ ಕುಳಿತಾಗ ಎಷ್ಟು ತಿನ್ನುತ್ತೇನೆ ಎಂದು ಅದಕ್ಕೆ ಹೇಳಲೇಬೇಕಿತ್ತು, ಏಕೆಂದರೆ ಚರ್ಮದಡಿಯ ಇನ್ಸುಲಿನ್ ಕೆಲಸಕ್ಕೆ ಇಳಿಯುವ ಮೊದಲೇ ಊಟದ ಸಕ್ಕರೆ ರಕ್ತವನ್ನು ಸೇರಿರುತ್ತದೆ. ಚುಚ್ಚದೆಯೇ ಸಕ್ಕರೆ ಅಳೆಯುತ್ತೇವೆಂದು ಮಾರಾಟವಾಗುವ ಕೈಗಡಿಯಾರ ಮತ್ತು ಉಂಗುರಗಳ ಮಾತು ಮಾತ್ರ ಬೇರೆ. ಅಂಥ ಒಂದಕ್ಕೂ ತಾನು ಅನುಮತಿ ಕೊಟ್ಟಿಲ್ಲವೆಂದು 2024ರ ಫೆಬ್ರುವರಿಯಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಎಚ್ಚರಿಸಿತು. ಅವುಗಳ ಅಂಕಿಯನ್ನು ನಂಬಿ ಇನ್ಸುಲಿನ್ ತೆಗೆದುಕೊಳ್ಳುವುದು ಪ್ರಾಣಾಪಾಯ.

ಕೈಗಡಿಯಾರದ ಇ.ಸಿ.ಜಿ.ಗೂ ಮಿತಿಯಿದೆ. 2018ರಿಂದ ಆ್ಯಪಲ್ ಗಡಿಯಾರಗಳಲ್ಲಿ, ಆಮೇಲೆ ಬೇರೆ ಕಂಪನಿಗಳ ಗಡಿಯಾರಗಳಲ್ಲಿ ಬಂದ ಈ ಸೌಲಭ್ಯ ಹೃದಯವನ್ನು ಒಂದು ಕೋನದಿಂದ ನೋಡುತ್ತದೆ, ಆಸ್ಪತ್ರೆಯ ಇ.ಸಿ.ಜಿ. ಹನ್ನೆರಡು ಕೋನಗಳಿಂದ ನೋಡುತ್ತದೆ. ಬಡಿತದ ಲಯ ತಪ್ಪಿದ್ದನ್ನು ಗಡಿಯಾರ ಹಿಡಿಯಬಲ್ಲದು, ಹೃದಯಾಘಾತವನ್ನು ಹಿಡಿಯಲಾರದು. ಎದೆನೋವು ಬಂದವರು ಗಡಿಯಾರ ಸರಿಯೆಂದಿತೆಂದು ಮನೆಯಲ್ಲಿ ಕೂರಬಾರದು ಎಂಬುದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ.

ಅಂಕಿಯೊಂದು ಸರಿಯಾಗಿ ಹುಟ್ಟಿದರೆ ಸಾಲದು, ಅದು ಯಾರ ಕೈಗೆ ಸೇರುತ್ತದೆ ಎಂಬುದೂ ಮುಖ್ಯ. ಈ ವಿಷಯದಲ್ಲಿ ನಮ್ಮ ರಾಜ್ಯದ ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆಯನ್ನು ನೆನೆಯಬೇಕು. ಎದೆನೋವೆಂದು ತಾಲ್ಲೂಕು ಆಸ್ಪತ್ರೆಗೆ ಬಂದವರ ಇ.ಸಿ.ಜಿ.ಯನ್ನು ಕೃತಕ ಬುದ್ಧಿಮತ್ತೆಯ ತಂತ್ರಾಂಶ ಪರಿಶೀಲಿಸುತ್ತದೆ, ಜಯದೇವದಂಥ ಹೃದ್ರೋಗ ಸಂಸ್ಥೆಯ ತಜ್ಞರು ದೂರದಿಂದ ನೋಡುತ್ತಾರೆ, ಹೃದಯಾಘಾತವೆಂದು ಖಚಿತವಾದರೆ ರಕ್ತದ ಗರಣೆಯನ್ನು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಅಲ್ಲೇ ಉಚಿತವಾಗಿ ಕೊಡಲಾಗುತ್ತದೆ. ತಂತ್ರಾಂಶದ ಪಾಲು ಇಲ್ಲಿ ನಡುವಿನ ಒಂದು ಕೊಂಡಿ ಮಾತ್ರ. ಇ.ಸಿ.ಜಿ. ತೆಗೆಯುವ ಸಿಬ್ಬಂದಿ, ಓದುವ ತಜ್ಞ, ಕಪಾಟಿನಲ್ಲಿರುವ ಔಷಧಿ ಈ ಮೂರರಲ್ಲಿ ಒಂದಿಲ್ಲದಿದ್ದರೂ ಅದರ ಜಾಣತನ ಪರದೆಯ ಮೇಲೆಯೇ ಉಳಿಯುತ್ತದೆ.

ದೂರದ ಸಂಪರ್ಕಕ್ಕೆ ತನ್ನದೇ ಅಪಾಯವೂ ಇದೆ. 2017ರಲ್ಲಿ ಅಮೆರಿಕದಲ್ಲಿ ಬಡಿತದ ಲಯ ಕಾಯಲು ಎದೆಯೊಳಗೆ ಕೂರಿಸುವ ಸುಮಾರು 4,65,000 ಪೇಸ್‌ಮೇಕರ್‌ಗಳ ತಂತ್ರಾಂಶದಲ್ಲಿ ಅನ್ಯರು ನುಸುಳಬಹುದಾದ ದೋಷ ಕಂಡುಬಂದು, ರೋಗಿಗಳು ಆಸ್ಪತ್ರೆಗೆ ಹೋಗಿ ತಂತ್ರಾಂಶವನ್ನು ನವೀಕರಿಸಿಕೊಳ್ಳಬೇಕಾಯಿತು. ಶಸ್ತ್ರಚಿಕಿತ್ಸೆ ಬೇಕಾಗಲಿಲ್ಲವೆಂಬುದು ಪುಣ್ಯ.

ಮುಂದೆ ಬರಲಿರುವ ತೊಡಕು ಇದಕ್ಕಿಂತ ಸೂಕ್ಷ್ಮವಾದದ್ದು. ಭಾರತದಲ್ಲಿ ವೈದ್ಯಕೀಯ ಸಾಧನಗಳ ನಿಯಮಗಳು 2017ರಲ್ಲಿ ಬಂದವು. 2020ರ ಏಪ್ರಿಲ್ 1ರಿಂದ ಎಲ್ಲ ವೈದ್ಯಕೀಯ ಸಾಧನಗಳೂ, ರೋಗಪತ್ತೆಗೆ ಬಳಸುವ ತಂತ್ರಾಂಶವೂ ಔಷಧ ಕಾನೂನಿನ ವ್ಯಾಪ್ತಿಗೆ ಸೇರಿದವು. ಅಪಾಯದ ಮಟ್ಟಕ್ಕೆ ತಕ್ಕಂತೆ ಎ, ಬಿ, ಸಿ, ಡಿ ಎಂಬ ವರ್ಗಗಳೂ ಆದವು. ಈ ಏರ್ಪಾಡು ಸಾಧನವೊಂದು ಪರೀಕ್ಷೆಯ ದಿನ ಹೇಗಿತ್ತೋ ಹಾಗೆಯೇ ಇರುತ್ತದೆಂದು ನಂಬಿ ನಡೆಯುತ್ತದೆ. ಸಂತೆಯ ತಕ್ಕಡಿಗೆ ಸರ್ಕಾರಿ ಮುದ್ರೆ ಬಿದ್ದ ಮೇಲೆ ತೂಕದ ಬಟ್ಟು ತಾನಾಗಿ ಹಿಗ್ಗುವುದಿಲ್ಲ, ಕುಗ್ಗುವುದೂ ಇಲ್ಲ. ಆದರೆ ರೋಗಿಗಳ ಮಾಹಿತಿಯಿಂದ ಕಲಿಯುತ್ತ ಹೋಗುವ ತಂತ್ರಾಂಶ ಮುದ್ರೆ ಬಿದ್ದ ಮೇಲೂ ಬದಲಾಗುತ್ತದೆ. ಯಾವ ಬದಲಾವಣೆಗಳನ್ನು ಮಾಡಲಿದ್ದೇವೆ, ಅವನ್ನು ಹೇಗೆ ಪರೀಕ್ಷಿಸುತ್ತೇವೆ ಎಂಬ ಯೋಜನೆಯನ್ನು ತಯಾರಕರು ಮುಂಚಿತವಾಗಿಯೇ ಸಲ್ಲಿಸಿ ಒಪ್ಪಿಗೆ ಪಡೆಯುವ ದಾರಿಯನ್ನು ಅಮೆರಿಕ 2024ರ ಡಿಸೆಂಬರಿನಲ್ಲಿ ಅಂತಿಮಗೊಳಿಸಿತು. ನಮ್ಮಲ್ಲಿ ಅಂಥ ಯೋಜನೆಯನ್ನು ಒಪ್ಪುವ ಮೊದಲು, ಆ ಪರೀಕ್ಷೆ ಯಾರ ಮೈಮೇಲೆ ನಡೆಯಿತು, ಅವರಲ್ಲಿ ರಾಯಚೂರಿನ ಬಿಸಿಲಲ್ಲಿ ದುಡಿಯುವವರ ಬೆರಳೂ ಇತ್ತೇ ಎಂದು ಕೇಳುವ ಅಧಿಕಾರಿ ಬೇಕು.

ನಮಸ್ಕಾರ.