ಬೀಚಿಗೆ ಹೋದರೆ ಮರಳು ಬಿಡಿ, ಬಂಡೆ ನೋಡಿ

ನಮಸ್ಕಾರ್ರೀ ಎಲ್ಲರಿಗೂ. ಹೊರಗೆ ಬಾಗಲಕೋಟೆ ಬಿಸಿಲು, ತಲೆ ಮೇಲೆ ಫ್ಯಾನ್ ಶಬ್ದ, ಇವತ್ತು ಮಾತಾಡೋದು ಮಾತ್ರ ಸಮುದ್ರದ ಬಗ್ಗೆ. ನಗಬೇಡಿ.

ನಮ್ಮ ಕಡೆಯವರು ಗೋಕರ್ಣಕ್ಕೆ ಹೋದರೆ ಏನು ಮಾಡ್ತಾರೆ? ದೇವರ ದರ್ಶನ, ಆಮೇಲೆ ಪ್ಯಾಂಟ್ ಮಡಚಿಕೊಂಡು ಮರಳಲ್ಲಿ ನಾಲ್ಕು ಫೋಟೊ, ವಾಪಸ್. ನಾನೂ ವರ್ಷಗಟ್ಟಲೆ ಅದನ್ನೇ ಮಾಡಿದೆ. ನೋಡೋದೆಲ್ಲ ಬಂಡೆಗಳ ಹತ್ತಿರ ಇತ್ತು ಅಂತ ಗೊತ್ತಾಗಿದ್ದು ಈಚೆಗೆ.

ಓಂ ಬೀಚ್ ಅಂಚಿನ ಬಂಡೆಗಳಿಗೆ ಇಳಿತದ ಹೊತ್ತಿಗೆ ಹೋಗಿ. ಕಲ್ಲಿನ ಮೇಲೆಲ್ಲ ಬಿಳಿ ಚುಕ್ಕೆ, ಸಜ್ಜೆ ರೊಟ್ಟಿಗೆ ಎಳ್ಳು ಅಂಟಿದ ಹಾಗೆ. ಬರಿಗಾಲಲ್ಲಿ ತುಳಿದರೆ ಪಾದ ಕೊಯ್ಯುತ್ತದೆ, ನನಗೆ ಕೊಯ್ದಿದೆ. ಅವು ಬಾರ್ನಕಲ್, ಏಡಿಯ ಸಂಬಂಧಿಕರು. ಮರಿ ಇದ್ದಾಗ ಈಜಾಡಿ, ಒಂದು ದಿನ ತಲೆ ಕೆಳಗೆ ಮಾಡಿ ಕಲ್ಲಿಗೆ ಅಂಟಿಕೊಂಡರೆ ಮುಗೀತು, ಬದುಕಿಡೀ ಅಲ್ಲೇ, ನೀರು ಬಂದಾಗ ಬಾಗಿಲು ತೆಗೆದು ಗರಿಯಂಥ ಕಾಲು ಹೊರಗೆ ಹಾಕಿ ಊಟ ಬಾಚಿಕೊಳ್ಳುತ್ತವೆ, ನೀರು ಹೋದರೆ ಬಾಗಿಲು ಬಂದ್! ಪಕ್ಕದ ಕಲ್ಲುಗುಣಿಯಲ್ಲಿ ನಿಂತ ನೀರಿನಲ್ಲಿ ಹೂವಿನಂಥ ಪ್ರಾಣಿಗಳು, ನೆರಳು ಬಿದ್ದರೆ ಸರ್ರನೆ ನುಗ್ಗುವ ಸಣ್ಣ ಮೀನು. ಒಂದೇ ಗುಣಿ ಮುಂದೆ ಅರ್ಧ ಗಂಟೆ ಕೂತಿದ್ದೆ. ಮನೆಯವರು ಕೂಗಿ ಕೂಗಿ ಸುಸ್ತು.

ಇನ್ನು ಶಂಖದ ವಿಷಯ. ಇದಕ್ಕೆ ನನಗೆ ಸಿಟ್ಟು ಜಾಸ್ತಿ, ನನ್ನ ಮೇಲೇ ಸಿಟ್ಟು. ಅಣ್ಣನ ಮಗಳು ಒಂದು ಶಂಖ ಆರಿಸಿದಳು, ನಾನೇ ಕ್ಯಾರಿಬ್ಯಾಗ್ ಕೊಟ್ಟೆ. ಯಲ್ಲಾಪುರ ಘಟ್ಟದಲ್ಲಿ ಹಿಂದಿನ ಸೀಟಿಂದ, "ಕಾಕಾ, ಶಂಖ ನಡಿಯಾಕ ಹತ್ತೇತಿ!" ಒಳಗೆ ಏಡಿ. ಬೇರೆಯವರ ಖಾಲಿ ಶಂಖದಲ್ಲಿ ಮನೆ ಮಾಡುವ ಜಾತಿ, ಹಿಂಭಾಗ ಮೆತ್ತಗೆ, ಮನೆ ಇಲ್ಲದೆ ಬದುಕಲ್ಲ. ಕಾರು ತಿರುಗಿಸಬೇಕಿತ್ತು. ತಿರುಗಿಸಲಿಲ್ಲ. ನರಗುಂದ ದಾಟುವಾಗ ಅದು ಅಲುಗಾಡಲಿಲ್ಲ, ಹುಡುಗಿ ಮಾತೂ ಆಡಲಿಲ್ಲ.

ಖಾಲಿ ಶಂಖ ತಾನೆ ಅಂತೀರಿ. ಅದೇ ಇನ್ನೊಂದು ಏಡಿಗೆ ಮುಂದಿನ ಮನೆ. ಅಲ್ಲೇ ಬಿಡಿ. ಏನಿದೆ ಅಂತ ನೋಡಲು ಕಲ್ಲು ಮಗುಚಿದರೆ, ಮೊದಲಿದ್ದ ಹಾಗೇ ಮೆಲ್ಲಗೆ ಇಡಿ, ಅಡಿಯಲ್ಲಿ ಇದ್ದವು ಬಿಸಿಲಿಗೆ ಸಾಯುತ್ತವೆ.

"ನಮಗೂ ಸಮುದ್ರಕ್ಕೂ ಏನು ಸಂಬಂಧ" ಅನ್ನುವವರಿಗೆ ಒಂದು ಮಾತು. ನಮ್ಮ ಲೋಕಾಪುರದ ಸುತ್ತಲಿನ ಸುಣ್ಣದ ಕಲ್ಲು ಹುಟ್ಟಿದ್ದೇ ಆಳವಿಲ್ಲದ ಸಮುದ್ರದಲ್ಲಿ, 100 ಕೋಟಿ ವರ್ಷಕ್ಕೂ ಹಿಂದೆ. ಸೂಕ್ಷ್ಮಜೀವಿಗಳು ಪದರ ಪದರವಾಗಿ ಕಟ್ಟಿದ ಗುರುತು ಇಲ್ಲಿನ ಕಲ್ಲಲ್ಲಿ ಇವತ್ತಿಗೂ ಇದೆ. ಆ ಕಲ್ಲನ್ನು ನಾವು ಸಿಮೆಂಟ್ ಮಾಡಿ ಮನೆ ಕಟ್ಟಿದ್ದೇವೆ, ಅಲ್ವಾ?

ಮುಂದಿನ ಸಲ ಹೋಗುವವರು ಕ್ಯಾಲೆಂಡರ್ ನೋಡಿ. ಅಮವಾಸ್ಯೆ ಆಸುಪಾಸಿನಲ್ಲಿ ನೀರು ಜಾಸ್ತಿ ಇಳಿಯುತ್ತದೆ, ಬೇರೆ ದಿನ ಕಾಣದ ಬಂಡೆ ಕಾಣುತ್ತದೆ. ಇಳಿತದ ಸಮಯ ಮೊಬೈಲಿನಲ್ಲೇ ಸಿಗುತ್ತದೆ. ನೀರು ತಿರುಗಿ ಏರುವ ಮೊದಲೇ ದಡಕ್ಕೆ ಬನ್ನಿ, ಮಳೆಗಾಲದಲ್ಲಿ ಮಾತ್ರ ಬಂಡೆ ಹತ್ತಿರವೂ ಹೋಗಬೇಡಿ. ಇದನ್ನೆಲ್ಲ ಅವ್ವನಿಗೆ ಹೇಳಿದೆ. "ಅಮಾಸಿ ದಿನ ಊರು ಬಿಟ್ಟು ಹೊಂಡಬ್ಯಾಡ" ಅಂದಳು. ಸರಿ, ಹುಣ್ಣಿಮೆಗೂ ನೀರು ಅಷ್ಟೇ ಇಳಿಯುತ್ತದೆ, ಹುಣ್ಣಿಮೆಗೇ ಹೊರಟಿದ್ದೇನೆ.