ಅಳಿವೆಯಿಂದ ಅಳಿವೆಗೆ: ಕಾಸರಗೋಡಿನ ಕಡಲತಡಿಯ ಕಾಲ್ನಡಿಗೆ

ಕೇಳುಗ ಬಂಧುಗಳೇ,

ತಲಪಾಡಿಯ ಗಡಿಯನ್ನು ದಾಟಿ, ಮಂಜೇಶ್ವರದ ಕಣ್ವತೀರ್ಥದ ಬಳಿ ಮರಳಿಗೆ ಇಳಿದು, ಕಡಲನ್ನು ಬಲಗಡೆಗೆ ಇಟ್ಟುಕೊಂಡು ತೆಂಕುದಿಕ್ಕಿಗೆ ನಡೆಯುತ್ತ ಹೋದರೆ, ವಲಿಯಪರಂಬದ ಮರಳುಪಟ್ಟಿಯ ಕೊನೆಯನ್ನು ಮುಟ್ಟುವಲ್ಲಿಗೆ ಕಾಸರಗೋಡು ಜಿಲ್ಲೆಯ ಕರಾವಳಿ ಮುಗಿಯುತ್ತದೆ. ಇದು 70ರಿಂದ 80 ಕಿಲೋಮೀಟರಿನ ದಾರಿ. ಬಸ್ಸಿಗೆ ಎರಡು ಮೂರು ತಾಸು ಸಾಕಾಗುವ ಈ ದೂರಕ್ಕೆ ನಡೆಯುವವರು ನಾಲ್ಕೈದು ದಿನವನ್ನಾದರೂ ಕೈಯಲ್ಲಿಟ್ಟುಕೊಳ್ಳಬೇಕು. ಮರಳಿನಲ್ಲಿ ಕಾಲು ಹೂತು ನಡಿಗೆ ನಿಧಾನವಾಗುವುದು ಇದಕ್ಕೆ ಒಂದು ಕಾರಣವಾದರೂ, ದಿನದ ಲೆಕ್ಕವನ್ನು ನಿಜವಾಗಿ ತೀರ್ಮಾನಿಸುವುದು ಈ ದಾರಿಯನ್ನು ಮತ್ತೆ ಮತ್ತೆ ಕತ್ತರಿಸುವ ಹೊಳೆಗಳು. ಮಂಜೇಶ್ವರ, ಉಪ್ಪಳ, ಶಿರಿಯಾ, ಮೊಗ್ರಾಲ್, ಚಂದ್ರಗಿರಿ, ಚಿತ್ತಾರಿ, ನೀಲೇಶ್ವರ, ಕಾರ್ಯಂಗೋಡು ಎಂದು ಒಂದಾದ ಮೇಲೊಂದು ಹೊಳೆ ಎದುರಾಗುತ್ತದೆ. ಒಂದೊಂದು ಅಳಿವೆಯ, ಅಂದರೆ ಹೊಳೆ ಕಡಲನ್ನು ಸೇರುವ ಬಾಯಿಯ, ಮುಂದೆಯೂ ನಡೆಯುವವನು ನಿಂತು, ಇದನ್ನು ದಾಟುವುದು ಹೇಗೆಂದು ವಿಚಾರಿಸಲೇಬೇಕು.

ಈ ತೊಡಕು ನಮ್ಮ ಕರಾವಳಿಗೆ ಮಾತ್ರ ಸೇರಿದ್ದಲ್ಲ. ಇಂಗ್ಲೆಂಡಿನ ನೈಋತ್ಯ ಮೂಲೆಯಲ್ಲಿ ಸುಮಾರು 1,014 ಕಿಲೋಮೀಟರ್ ಉದ್ದದ, ಗುರುತು ಹಾಕಿದ ಕಡಲಹಾದಿಯೊಂದಿದೆ. ಕಂಬ, ಫಲಕ, ನಕ್ಷೆ ಎಲ್ಲವೂ ಇರುವ ಆ ಹಾದಿಯೂ ಡೆವನ್ ಪ್ರಾಂತದ ಎರ್ಮ್ ಎಂಬ ನದಿಯ ದಡಕ್ಕೆ ಬಂದು ನಿಂತುಬಿಡುತ್ತದೆ. ಅಲ್ಲಿ ಸೇತುವೆಯೂ ಇಲ್ಲ, ದೋಣಿಯೂ ಇಲ್ಲ. ಇಳಿತದ ಹೊತ್ತಿಗಿಂತ ಒಂದು ಗಂಟೆ ಮೊದಲಿನಿಂದ ಒಂದು ಗಂಟೆ ಅನಂತರದವರೆಗೆ ಮಾತ್ರ ನೀರಿಗಿಳಿದು ನಡೆದು ದಾಟಬಹುದು. ಆ ಹೊತ್ತು ತಪ್ಪಿದರೆ ಕಾಯಬೇಕು, ಇಲ್ಲವೇ ಒಳನಾಡಿನ ರಸ್ತೆಯಲ್ಲಿ ಬಹಳ ದೂರ ಸುತ್ತಬೇಕು. ಆದರೆ ಅದನ್ನು ನೋಡಿ ನಮ್ಮ ಹೊಳೆಗಳಲ್ಲಿ ಕಾಲಿಡುವ ಧೈರ್ಯವನ್ನು ಯಾರೂ ಮಾಡಬಾರದೆಂದು ನಾನು ಒತ್ತಿ ಹೇಳುತ್ತೇನೆ. ನಮ್ಮ ಅಳಿವೆಗಳಲ್ಲಿ ಇಳಿತದ ಹೊತ್ತಿಗೇ ಹೊಳೆಯ ನೀರು ಕಡಲಿನ ಕಡೆಗೆ ಬಲವಾಗಿ ಎಳೆಯುತ್ತದೆ. ಮೊಣಕಾಲುದ್ದವೆಂದು ಕಾಣುವ ನೀರಿನ ಆಚೆಗೇ ಆಳದ ಮಡು ಇರಬಹುದು.

ಅಳಿವೆಯ ಸ್ವಭಾವವನ್ನು ಸ್ವಲ್ಪ ವಿವರಿಸಬೇಕು. ಘಟ್ಟದ ಕಡೆಯಿಂದ ಬರುವ ನಮ್ಮ ಹೊಳೆಗಳು ಕಡಲಿನ ಹತ್ತಿರ ಬಂದ ಮೇಲೆ ನೇರವಾಗಿ ಅದನ್ನು ಸೇರುವುದು ಕಡಿಮೆ. ಅಲೆಗಳು ದಡದುದ್ದಕ್ಕೂ ಸಾಗಿಸಿ ತಂದ ಮರಳು ಹೊಳೆಯ ಬಾಯಿಗೆ ಅಡ್ಡಲಾಗಿ ನಾಲಗೆಯಂತೆ ಚಾಚಿಕೊಳ್ಳುತ್ತದೆ. ಹೊಳೆ ಅದರ ಹಿಂದೆ ಕಡಲಿಗೆ ಸಮಾನಾಂತರವಾಗಿ ಹರಿದು, ಎಲ್ಲಿ ಮರಳು ತೆಳುವಾಗಿದೆಯೋ ಅಲ್ಲಿ ಹೊರಬೀಳುತ್ತದೆ. ಮಳೆಗಾಲದ ನೆರೆ ಮರಳನ್ನು ಒಡೆದು ಹೊಸ ಬಾಯಿಯನ್ನು ತೆರೆಯುತ್ತದೆ. ಮಳೆ ನಿಂತ ಮೇಲೆ ಅಲೆಗಳು ಮರಳನ್ನು ಹಿಂದಕ್ಕೆ ತಳ್ಳಿ ಆ ಬಾಯಿಯನ್ನು ಕಿರಿದು ಮಾಡುತ್ತವೆ. ಸಣ್ಣ ತೊರೆಗಳ ಬಾಯಿ ಬೇಸಿಗೆಯಲ್ಲಿ ಪೂರ್ತಿ ಮುಚ್ಚಿಹೋಗುವುದೂ ಉಂಟು. ಆದ್ದರಿಂದ ಕಳೆದ ವರ್ಷ ನಡೆದವರು ಹೇಳಿದ ದಾರಿ ಈ ವರ್ಷಕ್ಕೆ ಹೊಂದಬೇಕೆಂದಿಲ್ಲ; ಮುದ್ರಿತ ನಕ್ಷೆಯ ಮಾತಂತೂ ಹೇಳುವುದೇ ಬೇಡ. ಅಂದಂದಿನ ಸ್ಥಿತಿಯನ್ನು ತಿಳಿದವರು ಅಲ್ಲಿನ ಮೀನುಗಾರರು ಮಾತ್ರ. ಒಂದು ಕಡವಿನಲ್ಲಿ, ಅಂದರೆ ದೋಣಿಯಲ್ಲಿ ಹೊಳೆ ದಾಟಿಸುವ ಜಾಗದಲ್ಲಿ, ನಾನು ಆಚೆ ದಡಕ್ಕೆ ಹೋಗಬೇಕೆಂದಾಗ, ಬಲೆ ಹೆಣೆಯುತ್ತಿದ್ದ ಹಿರಿಯರೊಬ್ಬರು ತಲೆ ಎತ್ತದೆಯೇ, "ಇಳಿತ ಮುಗಿಯಲಿ ಮಾಸ್ಟ್ರೇ, ಈಗ ದೋಣಿ ಬಿಟ್ಟರೆ ಕಡಲಿಗೇ ಹೋಗುವುದು" ಎಂದರು. ದೋಣಿ ನಡೆಸುವವರೇ ಕಾಯುವಲ್ಲಿ ನಡೆಯುವವರು ಅವಸರ ಮಾಡುವುದರಲ್ಲಿ ಅರ್ಥವಿಲ್ಲ.

ಕಡಲು ದಿನಕ್ಕೆ ಎರಡು ಬಾರಿ ಏರಿ ಎರಡು ಬಾರಿ ಇಳಿಯುತ್ತದೆ, ಮತ್ತು ಪ್ರತಿದಿನವೂ ಈ ಹೊತ್ತು ಸುಮಾರು 50 ನಿಮಿಷದಷ್ಟು ಮುಂದಕ್ಕೆ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಏರಿಕೆಯೂ ಹೆಚ್ಚು, ಇಳಿತವೂ ಹೆಚ್ಚು. ಅಷ್ಟಮಿಯ ಹತ್ತಿರ ಎರಡೂ ಕಡಿಮೆ. ಆದುದರಿಂದ ಮನೆಯ ಗೋಡೆಯ ಪಂಚಾಂಗವೇ ನಡೆಯುವವನ ಮೊದಲ ಸಲಕರಣೆ. ಇಳಿತದ ಹೊತ್ತಿನಲ್ಲಿ ನೀರು ಹಿಂಜರಿದ ಜಾಗದ ಒದ್ದೆ ಮರಳು ಗಟ್ಟಿಯಾಗಿದ್ದು ಕಾಲಿಗೆ ಹಿತವಾಗಿರುತ್ತದೆ. ಉಬ್ಬರದ ಹೊತ್ತಿನಲ್ಲಿ ಅಡುಂಬು ಬಳ್ಳಿ ಹಬ್ಬಿದ ಮೇಲಿನ ಸಡಿಲ ಮರಳಿಗೆ ಸರಿಯಬೇಕಾಗಿ ಬಂದು, ಅದೇ ದೂರಕ್ಕೆ ಬಹಳ ಹೆಚ್ಚು ಶ್ರಮ ಬೇಕಾಗುತ್ತದೆ. ಡಿಸೆಂಬರಿನಿಂದ ಫೆಬ್ರವರಿಯವರೆಗಿನ ತಿಂಗಳುಗಳು ಈ ನಡಿಗೆಗೆ ಒಳ್ಳೆಯವು. ಮಧ್ಯಾಹ್ನದ ಮೇಲೆ ಕಡಲಗಾಳಿ ವಾಯವ್ಯದಿಂದ ಬೀಸುವುದರಿಂದ, ಬಡಗಿನಿಂದ ತೆಂಕಿಗೆ ನಡೆಯುವವರ ಬೆನ್ನಿಗೆ ಅದು ನೆರವಾಗುತ್ತದೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಸೆಕೆಯ ಜೊತೆಗೆ ಇನ್ನೊಂದು ಅಪಾಯವಿದೆ. ದಕ್ಷಿಣ ಹಿಂದೂ ಮಹಾಸಾಗರದಲ್ಲಿ ಎಲ್ಲಿಯೋ ಎದ್ದ ಬಿರುಗಾಳಿಯ ಅಲೆಗಳು ಸಾವಿರಾರು ಕಿಲೋಮೀಟರ್ ಸಾಗಿ ಬಂದು, ಇಲ್ಲಿ ಗಾಳಿಯ ಸುಳಿವೇ ಇಲ್ಲದ ದಿನ ದಡಕ್ಕೆ ನುಗ್ಗುತ್ತವೆ. ಕೇರಳದ ಮೀನುಗಾರರು ಇದನ್ನು ಕಳ್ಳಕ್ಕಡಲ್ ಎನ್ನುತ್ತಾರೆ; ಆ ಹೆಸರನ್ನು 2012ರಲ್ಲಿ ಯುನೆಸ್ಕೋ ಕೂಡ ಅಂಗೀಕರಿಸಿತು. ಹೈದರಾಬಾದಿನ ರಾಷ್ಟ್ರೀಯ ಸಾಗರ ಮಾಹಿತಿ ಕೇಂದ್ರ ಈ ಬಗ್ಗೆ ಮುನ್ಸೂಚನೆ ಕೊಡುತ್ತದೆ. ಅಂಥ ದಿನ ಮರಳಿಗೆ ಇಳಿಯಲೇಬಾರದು.

ರಾಷ್ಟ್ರಕವಿ ಗೋವಿಂದ ಪೈಗಳ ಊರಾದ ಮಂಜೇಶ್ವರದಿಂದ ಕುಂಬಳೆಯವರೆಗಿನ ಭಾಗದಲ್ಲಿ ಮೊಗವೀರರ ಮತ್ತು ಬ್ಯಾರಿಗಳ ಕೇರಿಗಳು, ಗಾಳಿಮರದ ತೋಪುಗಳು, ಒಣಗಲು ಹರಡಿದ ಮೀನು, ಮತ್ತು ದುಃಖದ ಸಂಗತಿಯೆಂದರೆ ಹಲವೆಡೆ ಕಡಲ್ಕೊರೆತವನ್ನು ತಡೆಯಲು ಸುರಿದ ಕರಿಕಲ್ಲಿನ ಗೋಡೆಗಳು ಸಿಗುತ್ತವೆ. ಮನೆ ಕಳೆದುಕೊಳ್ಳುವ ಭಯದಲ್ಲಿ ಬದುಕುವವರಿಗೆ ಗೋಡೆ ಬೇಡವೆನ್ನುವ ಹಕ್ಕು ದಾರಿಹೋಕನಿಗೆ ಇಲ್ಲ. ಆದರೆ ಅಲೆ ಗೋಡೆಗೆ ಬಡಿದು ಹಿಂದಿರುಗುವಾಗ ಅದರ ಬುಡದ ಮರಳನ್ನೂ ಎಳೆದೊಯ್ಯುತ್ತದೆ, ಗೋಡೆ ಮುಗಿದ ಕಡೆಯಲ್ಲಿ ಕೊರೆತ ಹೆಚ್ಚುತ್ತದೆ ಎಂಬುದನ್ನು ನಡೆಯುವವನು ತನ್ನ ಕಾಲಿನಿಂದಲೇ ಅರಿಯುತ್ತಾನೆ. ಮರಳಿಲ್ಲದ ಕಡೆ ದಡದಿಂದ ಎಳೆಯುವ ಕೈರಂಪಣಿ ಬಲೆಯನ್ನು ಎಳೆಯುವಂತಿಲ್ಲ, ದೋಣಿ ಏರಿಸುವಂತಿಲ್ಲ. ಬೇಕಲದ ಸಮೀಪದ ತ್ರಿಕ್ಕಣ್ಣಾಡಿನಲ್ಲಿಯೂ ಈ ಕೊರೆತದ ಕಾಟ ಕಣ್ಣಿಗೆ ಹೊಡೆಯುವಷ್ಟು ಸ್ಪಷ್ಟವಾಗಿದೆ.

ಕಾಸರಗೋಡು ಪೇಟೆಯನ್ನು, ಮಾಲಿಕ್ ದೀನಾರ್ ಮಸೀದಿಯಿರುವ ತಳಂಗರೆಯನ್ನು ಹಾದ ಮೇಲೆ ಚಂದ್ರಗಿರಿ ಹೊಳೆ ಅಡ್ಡ ಬರುತ್ತದೆ. ಇದು ಜಿಲ್ಲೆಯ ಅತಿ ಉದ್ದದ ಹೊಳೆ. ಕೊಡಗಿನ ಬೆಟ್ಟಗಳಲ್ಲಿ ಹುಟ್ಟಿ ಸುಮಾರು 105 ಕಿಲೋಮೀಟರ್ ಹರಿದು ಬಂದದ್ದು. 1967ರಲ್ಲಿ ರಾಜ್ಯಗಳ ಗಡಿ ತಕರಾರನ್ನು ವಿಚಾರಿಸಿದ ಮಹಾಜನ ಆಯೋಗ ಈ ಹೊಳೆಯ ಬಡಗು ಭಾಗ ಕರ್ನಾಟಕಕ್ಕೆ ಸೇರಬೇಕೆಂದು ಶಿಫಾರಸು ಮಾಡಿದ್ದನ್ನು ನಮ್ಮ ಹಿರಿಯರು ಇಂದಿಗೂ ಮರೆತಿಲ್ಲ. ನಡೆಯುವವರು ಇಲ್ಲಿ ಮರಳನ್ನು ಬಿಟ್ಟು ರಸ್ತೆಯ ಸೇತುವೆಯನ್ನೇ ಹಿಡಿಯಬೇಕು. ರೈಲು ಸೇತುವೆ ಹತ್ತಿರವೆಂದು ಅದರ ಮೇಲೆ ಹೋಗುವುದು ಕಾನೂನಿಗೂ ವಿರುದ್ಧ, ಜೀವಕ್ಕೂ ಅಪಾಯ. ದಾಟಿದ ಮೇಲೆ ಗುಡ್ಡ ಹತ್ತಿ ಚಂದ್ರಗಿರಿ ಕೋಟೆಯಲ್ಲಿ ನಿಂತರೆ ಹೊಳೆಯೂ ಕಡಲೂ ಸೇರುವ ಜಾಗ ಪೂರ್ತಿಯಾಗಿ ಕಾಣುತ್ತದೆ. ಕುಂಬಳೆಯ ಹೊಳೆಯ ಮೇಲೆ ಆರಿಕ್ಕಾಡಿ ಕೋಟೆ, ಇಲ್ಲಿ ಚಂದ್ರಗಿರಿ ಕೋಟೆ: ಹಿಂದಿನವರು ಕೋಟೆಗೆ ಇಂಥ ಜಾಗವನ್ನೇ ಆರಿಸಿದ್ದು ಸಹಜವೆಂದು ನನಗೆ ಅನಿಸುತ್ತದೆ. ತೀರದುದ್ದಕ್ಕೆ ಬರುವ ದಂಡಾಗಲಿ, ಸರಕಾಗಲಿ ದಾಟುವುದಕ್ಕಾಗಿ ನಿಲ್ಲಲೇಬೇಕಾದ ಸ್ಥಳಗಳು ಇವೇ ಅಲ್ಲವೇ?

ಬೇಕಲ ಕೋಟೆ ಮಾತ್ರ ಹೊಳೆಯನ್ನು ಬಿಟ್ಟು ಕಡಲಿಗೇ ಚಾಚಿದ ಮುರಕಲ್ಲಿನ ದಿಬ್ಬದ ಮೇಲೆ ನಿಂತಿದೆ. ಕೆಳದಿಯ ಶಿವಪ್ಪ ನಾಯಕನ ಕಾಲದಲ್ಲಿ, 17ನೆಯ ಶತಮಾನದ ನಡುವಿನಲ್ಲಿ ಕಟ್ಟಿದ ಈ ಕೋಟೆ ಸುಮಾರು 40 ಎಕರೆ ವಿಸ್ತಾರವಾಗಿದೆ. ಇದರ ಬಗ್ಗೆ ಕೇಳುಗರಿಗೆ ಸಾಕಷ್ಟು ತಿಳಿದಿರುವುದರಿಂದ ಹೆಚ್ಚು ಹೇಳಬೇಕಾಗಿಲ್ಲ. ಮರಳಿನ ದಾರಿ ಇಲ್ಲಿ ತುಂಡಾಗುವುದರಿಂದ ಒಳಗಿನ ಬದಿಯಿಂದ ಸುತ್ತಿ ಪಳ್ಳಿಕ್ಕೆರೆಯ ತೀರಕ್ಕೆ ಇಳಿಯಬೇಕು ಎಂದಷ್ಟೇ ಸೂಚಿಸುತ್ತೇನೆ. ಮುಂದೆ ಚಿತ್ತಾರಿಯ ಅಳಿವೆ, ಹೊಸದುರ್ಗ ಅಂದರೆ ಕಾಞಂಗಾಡು, ಅದರಾಚೆ ನೀಲೇಶ್ವರದ ತೈಕಡಪ್ಪುರ. ಕಡಲಾಮೆಗಳು ಮೊಟ್ಟೆಯಿಡಲು ದಡ ಹತ್ತುವ ಜಾಗವಿದು. ಅಲ್ಲಿನ ಜನ ಆ ಮೊಟ್ಟೆಗಳನ್ನು ಕಾಪಾಡಿ, ಮರಿಗಳನ್ನು ಕಡಲಿಗೆ ಬಿಡುತ್ತ ಬಂದಿದ್ದಾರೆ. ಚಳಿಗಾಲದ ರಾತ್ರಿಗಳಲ್ಲಿ ಟಾರ್ಚು ಹಿಡಿದು ಈ ಮರಳಿನಲ್ಲಿ ಓಡಾಡದಿರುವುದು ನಾವು ಸಲ್ಲಿಸಬಹುದಾದ ಕನಿಷ್ಠ ಗೌರವ.

ಕೊನೆಯ ಭಾಗವಾದ ವಲಿಯಪರಂಬ ನನಗೆ ಎಲ್ಲಕ್ಕಿಂತ ಹೆಚ್ಚು ಪ್ರಿಯವಾದದ್ದು. ಇಪ್ಪತ್ತು ಕಿಲೋಮೀಟರಿಗೂ ಮಿಕ್ಕಿ ಉದ್ದವಾದ, ಕೆಲವೆಡೆ ತೀರ ಕಿರಿದಾದ ಈ ಮರಳುಪಟ್ಟಿಯ ಪಡುವಣಕ್ಕೆ ಅರಬ್ಬೀ ಸಮುದ್ರ, ಮೂಡಣಕ್ಕೆ ಕವ್ವಾಯಿಯ ಹಿನ್ನೀರು. ಬಲಗಿವಿಗೆ ಅಲೆಯ ಮೊರೆತ, ಎಡಕ್ಕೆ ತೆಂಗಿನ ಸಾಲಿನ ನಡುವೆ ಕದಲದ ನೀರು. ಆ ಹಿನ್ನೀರಿನಲ್ಲಿ ಪಡನ್ನ, ಚೆರುವತ್ತೂರು ಕಡೆಯವರು, ಅದರಲ್ಲಿಯೂ ಮಹಿಳೆಯರ ಗುಂಪುಗಳು, ಪಚ್ಚಿಲೆ ಎಂಬ ತಿನ್ನುವ ಚಿಪ್ಪುಜೀವಿಯನ್ನು, ಅವರ ಮಾತಿನಲ್ಲಿ ಕಲ್ಲುಮ್ಮಕ್ಕಾಯಿಯನ್ನು ಸಾಕುತ್ತಾರೆ. ಮಳೆ ಮುಗಿದು ನೀರು ಉಪ್ಪಾದ ಮೇಲೆ ಬೀಜದ ಪಚ್ಚಿಲೆಗಳನ್ನು ಹಗ್ಗಕ್ಕೆ ಬಟ್ಟೆಯಿಂದ ಸುತ್ತಿ, ನೀರಿನಲ್ಲಿ ನೆಟ್ಟ ಚಪ್ಪರದಿಂದ ಇಳಿಬಿಡುತ್ತಾರೆ. ಬಟ್ಟೆ ಕೊಳೆತು ಹೋಗುವಷ್ಟರಲ್ಲಿ ಅವು ಹಗ್ಗಕ್ಕೆ ಕಚ್ಚಿಕೊಂಡಿರುತ್ತವೆ. ಮುಂಗಾರು ಹೊಳೆಗಳಲ್ಲಿ ಸಿಹಿನೀರನ್ನು ತುಂಬಿಸುವ ಮೊದಲೇ ಕೊಯ್ಲು ಮುಗಿಯಬೇಕು. ನಮ್ಮ ನಡಿಗೆಯ ಋತುವನ್ನು ನಿಶ್ಚಯಿಸುವ ಹೊಳೆಗಳೇ ಅವರ ಬೆಳೆಯ ಋತುವನ್ನೂ ನಿಶ್ಚಯಿಸುತ್ತವೆ.

ಇನ್ನು ಉಳಿದುಕೊಳ್ಳುವ ವಿಚಾರ. ಮಂಗಳೂರಿನಿಂದ ಶೊರನೂರಿಗೆ ಹೋಗುವ ರೈಲುಮಾರ್ಗ ಈ ತೀರದ ಬದಿಯಲ್ಲಿಯೇ ಸಾಗುತ್ತದೆ. ಮಂಜೇಶ್ವರ, ಉಪ್ಪಳ, ಕುಂಬಳೆ, ಕಾಸರಗೋಡು, ಕೋಟಿಕುಳಂ, ಕಾಞಂಗಾಡು, ನೀಲೇಶ್ವರ, ಚೆರುವತ್ತೂರು, ತ್ರಿಕ್ಕರಿಪುರ ಎಂದು ನಿಲ್ದಾಣಗಳಿರುವುದರಿಂದ, ಸಂಜೆ ರೈಲು ಹತ್ತಿ ಮನೆಗೆ ಹೋಗಿ ಮರುದಿನ ಬಿಟ್ಟಲ್ಲಿಂದಲೇ ಮುಂದುವರಿಸಬಹುದು. ಹೆಗಲ ಮೇಲೆ ನೀರು, ಟೊಪ್ಪಿ, ಒಂದು ಜೊತೆ ಬಟ್ಟೆ ಇದ್ದರೆ ಸಾಕು. ಕಡಲಿನಲ್ಲಿ ಯಾರಾದರೂ ಅಪಾಯಕ್ಕೆ ಸಿಲುಕಿದ್ದು ಕಂಡರೆ ಕರೆಯಬೇಕಾದ ಕರಾವಳಿ ಕಾವಲು ಪಡೆಯ ಸಂಖ್ಯೆ 1554; ಅದನ್ನು ಹೊರಡುವ ಮೊದಲೇ ಬರೆದಿಟ್ಟುಕೊಳ್ಳಿ.

ನಮ್ಮ ಕಡಲತಡಿಯ ಪಂಚಾಯತಿಗಳಲ್ಲಿ ನನ್ನದೊಂದು ವಿನಂತಿ ಇದೆ. ಈ ದಾರಿಗೆ ದೊಡ್ಡ ಯೋಜನೆಯೇನೂ ಬೇಕಾಗಿಲ್ಲ. ಒಂದೊಂದು ಅಳಿವೆಯ ಎರಡೂ ದಡಗಳಲ್ಲಿ, ಕಡವಿನ ದೋಣಿ ಯಾವ ಹೊತ್ತಿಗೆ ಇದೆ, ಇಲ್ಲದಿದ್ದರೆ ಸೇತುವೆ ಎಷ್ಟು ದೂರದಲ್ಲಿದೆ, ನೀರಿಗಿಳಿಯಬಾರದ ಜಾಗ ಯಾವುದು ಎಂಬುದನ್ನು ಕನ್ನಡ ಮತ್ತು ಮಲಯಾಳ ಎರಡರಲ್ಲಿಯೂ ಬರೆದ ಒಂದು ಫಲಕವನ್ನು ನಿಲ್ಲಿಸಿ, ಪ್ರತಿ ಮಳೆಗಾಲ ಕಳೆದ ಮೇಲೆ ಅಲ್ಲಿನ ಮೀನುಗಾರರನ್ನು ಕೇಳಿ ಅದನ್ನು ತಿದ್ದಿಸಬೇಕು. ನಮಸ್ಕಾರ.