ಓದದೆ ಸಹಿ ಹಾಕಬೇಡಿ

ಕೇಳುಗರಿಗೆ ನಮಸ್ಕಾರ. ಹೆಣ್ಣುಮಕ್ಕಳ ಆಸ್ತಿ ಹಕ್ಕಿನ ಬಗ್ಗೆ ಮಾತಾಡಿ ಎಂದು ಕರೆದಿದ್ದಾರೆ. ಸಿಕ್ಕಿರುವ ಸಮಯ ಕಮ್ಮಿ. ಹಾಗಾಗಿ ಒಂದೇ ಮಾತು ಹೇಳುತ್ತೇನೆ. ಕೆಲಸದ ಮಧ್ಯೆ ರೇಡಿಯೋ ಹಾಕಿಕೊಂಡಿರುವ ಅಕ್ಕಂದಿರು ಸ್ವಲ್ಪ ಈ ಕಡೆ ಕಿವಿ ಕೊಡಿ. ತವರಿನವರು ಪತ್ರ ತಂದರೆ ಓದದೆ ಸಹಿ ಹಾಕಬೇಡಿ.

ಈ ಹಕ್ಕು ಯಾರೋ ಸುಮ್ನೆ ಕೊಟ್ಟಿದ್ದಲ್ಲ. ಹೆಣ್ಣುಮಕ್ಕಳಿಗೂ ಆಸ್ತಿ ಹಕ್ಕು ಕೊಡಲು ಹೊರಟಿದ್ದ ಹಿಂದೂ ಕೋಡ್ ಮಸೂದೆ ಮೂಲೆ ಸೇರಿತು ಎಂದು ಅಂಬೇಡ್ಕರ್ 1951ರಲ್ಲಿ ಮಂತ್ರಿಗಿರಿಯನ್ನೇ ಬಿಟ್ಟು ಬಂದರು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ಅಪ್ಪನ ಸ್ವಂತ ಸಂಪಾದನೆಯಲ್ಲಿ ಮಗಳಿಗೂ ಪಾಲು ಬಂತು. ಆದರೆ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳ ಸಮ ಬರಲಿಲ್ಲ. ಕರ್ನಾಟಕದಲ್ಲಿ 1994ರಲ್ಲಿ ಸಮಪಾಲು ಕೊಟ್ಟರು, ಆದರೆ ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟರು. 2005ರಲ್ಲಿ ಕೇಂದ್ರದ ತಿದ್ದುಪಡಿ ಬಂದು ಆ ಗೋಡೆಯೂ ಬಿತ್ತು. ಮದುವೆಯಾಗಿರಲಿ, ಬಿಡಲಿ, ಮಗಳೂ ಮಗನಷ್ಟೇ ಹಕ್ಕುದಾರಳು. ವರದಕ್ಷಿಣೆ ಕೊಟ್ಟಿದ್ದೀವಿ, ಚಿನ್ನ ಹಾಕಿದ್ದೀವಿ ಅನ್ನೋ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಇಷ್ಟೆಲ್ಲ ಆಗಿ ಸಿಕ್ಕಿದ ಹಕ್ಕು ಹೋಗುವುದು ಎಲ್ಲಿ ಗೊತ್ತಾ? ಸಬ್‌ರಿಜಿಸ್ಟ್ರಾರ್ ಕಚೇರಿಯ ಬೆಂಚಿನ ಮೇಲೆ. ಒಂದು ಪ್ರಸಂಗ ಹೇಳುತ್ತೇನೆ.

ಬೇರೆ ಯಾರದೋ ಕ್ರಯಪತ್ರಕ್ಕೆಂದು ಹೋಗಿದ್ದೆ. ಪಕ್ಕದಲ್ಲಿ ಐವತ್ತು ದಾಟಿದ ಒಬ್ಬ ಹೆಂಗಸು. ಹೊಸ ಸೀರೆ, ಮಡಿಲಲ್ಲಿ ಎಲೆ ಅಡಿಕೆ, ತೆಂಗಿನಕಾಯಿ. ಗೌರಿ ಹಬ್ಬದ ಬಾಗಿನ ಕೊಟ್ಟು ತಮ್ಮ ಹಾಗೇ ಕಾರಿನಲ್ಲಿ ಕೂರಿಸಿಕೊಂಡು ಬಂದಿದ್ದನಂತೆ. "ಬ್ಯಾಂಕ್ ಸಾಲಕ್ಕೆ ಒಂದು ಸಹಿ ಬೇಕಂತೆ" ಎಂದರು. ಆಮೇಲೆ "ಮೇಡಂ, ನಿಮ್ಮ ಕನ್ನಡಕ ಕೊಡ್ತೀರಾ? ಸಹಿ ಎಲ್ಲಿ ಹಾಕಬೇಕೋ ಕಾಣ್ತಿಲ್ಲ" ಎಂದು ಕೇಳಿದರು. ಕೊಟ್ಟೆ. ಏಳನೇ ಕ್ಲಾಸ್ ಓದಿದ್ದ ಹೆಂಗಸು. ಕಣ್ಣು ಕಂಡ ಮೇಲೆ ಸುಮ್ಮನಿರಲಿಲ್ಲ, ಬೆರಳಿಟ್ಟುಕೊಂಡು ಓದತೊಡಗಿದರು. ಹಕ್ಕು ಬಿಡುಗಡೆ ಪತ್ರ, ಅಂದರೆ ಆಸ್ತಿಯಲ್ಲಿ ನನ್ನ ಪಾಲು ಬಿಟ್ಟುಕೊಟ್ಟಿದ್ದೇನೆ ಎಂಬ ಪತ್ರ. "ಅರಿಶಿನ ಕುಂಕುಮದ ಬಾಬ್ತು ಇಪ್ಪತ್ತೈದು ಸಾವಿರ ರೂಪಾಯಿ ನಗದಾಗಿ ಪಡೆದು" ಎಂಬಲ್ಲಿ ಬೆರಳು ನಿಂತಿತು. "ಯಾವಾಗಪ್ಪಾ ಕೊಟ್ಟೆ?" ಎಂದರು. ತಮ್ಮ, "ಅದು ಸುಮ್ನೆ ಬರೆಯೋದು ಅಕ್ಕ, ಎಲ್ಲರೂ ಹಂಗೇ ಬರೆಯೋದು" ಎಂದ. ಆಯಮ್ಮ ಮುಂದಕ್ಕೆ ಓದಿದರು. "ನಾನಾಗಲಿ ನನ್ನ ವಾರಸುದಾರರಾಗಲಿ ಇನ್ನು ಮುಂದೆ ಯಾವುದೇ ತಂಟೆ ತಕರಾರು ಮಾಡತಕ್ಕದ್ದಲ್ಲ." ಪತ್ರ ಮಡಚಿ ಮಡಿಲಿಗೆ ಹಾಕಿಕೊಂಡು, "ನನ್ನ ಮಕ್ಕಳನ್ನ ಒಂದು ಮಾತು ಕೇಳಬೇಕು, ನಡಿ ಮನೆಗೆ" ಎಂದರು. ಪತ್ರ ಬರೆದವನ ಮುಖ ನೋಡಬೇಕಿತ್ತು!

ಅಲ್ಲಿದ್ದದ್ದು ಮೂರು ಎಕರೆ ಪಿತ್ರಾರ್ಜಿತ. ಅಪ್ಪ ಅಮ್ಮ ಇಲ್ಲ. ತಮ್ಮ, ಇಬ್ಬರು ಅಕ್ಕಂದಿರು. ತಲೆಗೆ ಒಂದು ಎಕರೆ, ಲೆಕ್ಕ ಸರಳ. ಕೊನೆಗೆ ಆಯಮ್ಮ ತೆಗೆದುಕೊಂಡದ್ದು ರಸ್ತೆ ಪಕ್ಕದ ಹತ್ತು ಗುಂಟೆ ಮಾತ್ರ. ನನಗೆ ಸಿಟ್ಟು ಬಂತು, ಈಗಲೂ ಇದೆ. ಆದರೆ ಓದಿ, ಯೋಚಿಸಿ, ಬಿಟ್ಟರು. ಅದು ಅವರಿಷ್ಟ. ಮುಂದಿನ ಗೌರಿ ಹಬ್ಬಕ್ಕೆ ತಮ್ಮ ಬರಲಿಲ್ಲವಂತೆ, ತಮ್ಮನ ಹೆಂಡತಿ ಬಂದಿದ್ದಳಂತೆ.

"ಪಾಲು ಕೇಳಿದರೆ ತವರು ಮುರಿಯುತ್ತೆ" ಎಂದು ನನ್ನ ಹತ್ತಿರ ಬಂದವರೆಲ್ಲ ಹೇಳುತ್ತಾರೆ. ಅಣ್ಣ ತಮ್ಮಂದಿರು ತಮ್ಮತಮ್ಮಲ್ಲೇ ಪಾಲು ಮಾಡಿಕೊಂಡಾಗ ಮುರಿಯದ್ದು, ನೀವು ಒಂದು ಹಾಳೆ ಓದಿದರೆ ಮುರಿಯುತ್ತದೆಯೇ? ಕೇಳುವುದು ಬಿಡುವುದು ಆಮೇಲಿನ ಮಾತು. ಮೊದಲು ಓದಿ ಅಷ್ಟೇ.

ಕಥೆಯಲ್ಲೇ ಸಮಯ ಹೋಯಿತು, ಉಳಿದದ್ದು ಬೇಗ ಬೇಗ. ಅಪ್ಪ ತೀರಿಕೊಂಡ ಮೇಲೆ ಪೌತಿ ಖಾತೆಗೆ, ಅಂದರೆ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸಲು, ವಂಶವೃಕ್ಷ ಮಾಡಿಸುತ್ತಾರೆ. ಅದರಲ್ಲಿ ಹೆಣ್ಣುಮಕ್ಕಳ ಹೆಸರು ಬಿಟ್ಟುಹೋಗುವುದು ಜಾಸ್ತಿ. ನಿಮ್ಮ ಹೆಸರಿದೆಯಾ ನೋಡಿ. ಪಹಣಿ ತೆಗೆಸಿ ನೋಡಿ, ಸರ್ವೆ ನಂಬರ್ ಗೊತ್ತಿದ್ದರೆ ಸಾಕು. 2005ಕ್ಕೆ ಮುಂಚೆಯೇ ಅಪ್ಪ ಹೋಗಿಬಿಟ್ಟರು, ನಿಮಗೇನೂ ಇಲ್ಲ ಎಂದರೆ ನಂಬಬೇಡಿ. 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಬಗೆಹರಿಸಿದೆ, ಹಕ್ಕು ಹುಟ್ಟಿನಿಂದಲೇ ಬರುತ್ತದೆ. ಮುಸ್ಲಿಂ, ಕ್ರೈಸ್ತ ಅಕ್ಕಂದಿರಿಗೆ ಕಾಯ್ದೆ ಬೇರೆ, ಆದರೆ ನಿಮಗೂ ಅದೇ ಮಾತು. ಓದದೆ ಸಹಿ ಬೇಡ.

ಓದಿದರೂ ಅರ್ಥವಾಗದಿದ್ದರೆ ತಾಲ್ಲೂಕು ಕೋರ್ಟಿನಲ್ಲಿ ಕಾನೂನು ಸೇವಾ ಸಮಿತಿ ಇದೆ. ಹೆಂಗಸರಿಗೆ ವಕೀಲರ ಖರ್ಚಿಲ್ಲ, ಆದಾಯ ಎಷ್ಟಿದ್ದರೂ ಕೇಳುವುದಿಲ್ಲ. ಫೋನ್ ನಂಬರ್ 15100. ಹೋಗುವಾಗ ಪತ್ರದ ಒಂದು ಜೆರಾಕ್ಸ್ ಇಟ್ಟುಕೊಂಡು ಹೋಗಿ. ನಮಸ್ಕಾರ.